ಅವರನ್ನು ಕೇಳದೆ ಬರೆಯಬೇಡಿ

ಈ ವರ್ಷ ನಿಮ್ಮ ವಿಶ್ವವಿದ್ಯಾಲಯದ ಧ್ಯೇಯೋದ್ದೇಶವನ್ನು ಹೊಸದಾಗಿ ಬರೆಯುವ ಸಮಿತಿಯಲ್ಲಿ ಕೂರಲಿರುವ ನಿಮಗೆ, ಸಿಂಡಿಕೇಟಿನ ಸಭೆಯಲ್ಲಿ ಅದಕ್ಕೆ ಒಪ್ಪಿಗೆ ಕೊಡಲಿರುವ ನಿಮಗೆ, ಹಗಲೆಲ್ಲ ಪಾಠ ಮಾಡಿ ರಾತ್ರಿ ಐಕ್ಯೂಎಸಿಯ, ಅಂದರೆ ಆಂತರಿಕ ಗುಣಮಟ್ಟ ಕೋಶದ, ದತ್ತಾಂಶ ತುಂಬುವ ನಿಮಗೆ, ಅಲ್ಲೇ ಓದಿ ದೊಡ್ಡವರಾಗಿ ಈಗ ಹಳೆಯ ವಿದ್ಯಾರ್ಥಿಗಳ ಪರವಾಗಿ ಒಂದು ಸಹಿ ಹಾಕಲು ಕರೆಸಿಕೊಳ್ಳುವ ನಿಮಗೆ ಈ ಮಾತು. ದೂರಲೆಂದು ಬರೆಯುತ್ತಿಲ್ಲ. ನೀವು ಕಲ್ಲು ಮನಸ್ಸಿನವರಾಗಿದ್ದರೆ ನಾನು ಲೇಖನಿ ಎತ್ತಿಕೊಳ್ಳುತ್ತಲೇ ಇರಲಿಲ್ಲ. ನಿಮ್ಮಲ್ಲಿ ಎಷ್ಟೋ ಮಂದಿ ನಿಮ್ಮ ಮನೆತನದ ಮೊದಲ ಪದವೀಧರರು. ಯಾರದೋ ಮನೆಯ ಜಗುಲಿಯಲ್ಲಿ ಓದಿ, ಹಾಸ್ಟೆಲಿನ ಅನ್ನ ಸಾರು ಉಂಡು, ಒಬ್ಬ ಮೇಷ್ಟ್ರು ತಮ್ಮ ಜೇಬಿನಿಂದ ಫೀಸು ಕಟ್ಟಿದ್ದರಿಂದ ಪರೀಕ್ಷೆಗೆ ಕೂತವರು. ವಿಶ್ವವಿದ್ಯಾಲಯ ಯಾರಿಗಾಗಿ ಇದೆ ಎಂಬುದನ್ನು ನಿಮಗೆ ಇನ್ನೊಬ್ಬರು ಹೇಳಿಕೊಡಬೇಕಾಗಿಲ್ಲ. ನಿಮಗೆ ಗೊತ್ತಿದೆ. ಗೊತ್ತಿದ್ದೂ, ಆ ಉದ್ದನೆಯ ಮೇಜಿನ ಮುಂದೆ ಕೂತ ಹೊತ್ತಿನಲ್ಲಿ ಅದು ಯಾಕೋ ನಾಲಿಗೆಗೆ ಬರುವುದಿಲ್ಲ. ಆ ಸಂಕಟವನ್ನೇ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಈಗ ಎಲ್ಲ ಕಡೆಯೂ ಯೋಜನೆ ಬರೆಯುವ ಕಾಲ. ಪ್ರತಿ ಸಂಸ್ಥೆಯೂ ತನ್ನದೇ ಅಭಿವೃದ್ಧಿ ಯೋಜನೆ ಸಿದ್ಧಪಡಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. 2024ರಲ್ಲಿ ಯುಜಿಸಿ ಅದಕ್ಕೆ ಮಾರ್ಗಸೂಚಿ ಹೊರಡಿಸಿತು. ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಅಂತೂ ಬಹಳ ಹಿಂದಿನಿಂದಲೂ ತನ್ನ ಆರನೆಯ ಮಾನದಂಡದಲ್ಲಿ ನಿಮ್ಮ ವಿಷನ್ ಏನು, ಮಿಷನ್ ಏನು, ಮುಂದಿನ ವರ್ಷಗಳ ಯೋಜನೆ ಎಲ್ಲಿ ಎಂದು ಕೇಳುತ್ತ ಬಂದಿದೆ. ಕೇಳುವುದರಲ್ಲಿ ತಪ್ಪಿಲ್ಲ. ಜನರ ದುಡ್ಡಿನಲ್ಲಿ ನಡೆಯುವ ಸಂಸ್ಥೆ ತಾನು ಎತ್ತ ಹೊರಟಿದ್ದೇನೆ ಎಂದು ಜನರಿಗೆ ಹೇಳಲೇಬೇಕು. ಆದರೆ ಕೇಳಿದವರಿಗೆ ಉತ್ತರ ಒಪ್ಪಿಸುವ ಅವಸರದಲ್ಲಿ, ಆ ಉತ್ತರದ ಮೇಲೆ ಯಾರ ಬದುಕು ನಿಂತಿದೆಯೋ ಅವರನ್ನೇ ನಾವು ಬಾಗಿಲಾಚೆ ನಿಲ್ಲಿಸಿಬಿಡುತ್ತೇವೆ.

ಅಂಥ ಒಂದು ಸಭೆಯನ್ನು ಹತ್ತಿರದಿಂದ ನೋಡಿದ್ದೇನೆ. ಆಡಳಿತ ಭವನದ ಮೇಲಿನ ಮಹಡಿ, ಮಧ್ಯಾಹ್ನದ ಹೊತ್ತು. ಪರದೆಯ ಮೇಲೆ ಬೇರೊಂದು ವಿಶ್ವವಿದ್ಯಾಲಯದ ಕಡತ ತೆರೆದಿತ್ತು. ಅದರಲ್ಲಿ ಹೆಸರು ಬದಲಿಸಿ, ಜಿಲ್ಲೆ ಬದಲಿಸಿ, ಉಳಿದದ್ದನ್ನು ಅಲ್ಲಲ್ಲಿ ತಿದ್ದುವ ಕೆಲಸ ನಡೆದಿತ್ತು. 'ಜಾಗತಿಕ ಗುಣಮಟ್ಟ' ಎನ್ನುವುದೋ 'ವಿಶ್ವದರ್ಜೆ' ಎನ್ನುವುದೋ ಎಂಬುದರ ಮೇಲೆ ಸಾಕಷ್ಟು ಹೊತ್ತು ಚರ್ಚೆಯಾಯಿತು. ಚರ್ಚೆ ಮಾಡಿದವರೆಲ್ಲ ಓದಿಕೊಂಡವರು, ಸಜ್ಜನರು, ಮಕ್ಕಳನ್ನು ಪ್ರೀತಿಸುವವರು. ಕೆಳಗೆ ಪರೀಕ್ಷಾಂಗ ವಿಭಾಗದ ಕಿಟಕಿಯ ಮುಂದೆ ಅದೇ ಹೊತ್ತಿಗೆ ಸಾಲು ನಿಂತಿತ್ತು. ಸಾಲಿನಲ್ಲಿ ಒಬ್ಬ ಹುಡುಗಿ, ಪಕ್ಕದಲ್ಲಿ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಅವಳ ಅಪ್ಪ. ಅಂಕಪಟ್ಟಿಯಲ್ಲಿ ಅವಳ ಹೆಸರಿನ ಒಂದಕ್ಷರ ತಪ್ಪಿ ಬಿದ್ದಿತ್ತು. ನರ್ಸರಿ ಶಾಲೆಯ ಕೆಲಸಕ್ಕೋ ಬ್ಯಾಂಕಿನ ಪರೀಕ್ಷೆಗೋ, ಯಾವುದೋ ಒಂದಕ್ಕೆ ಅರ್ಜಿ ಹಾಕುವ ಕೊನೆಯ ದಿನ ಹತ್ತಿರ ಬಂದಿತ್ತು. ಕಿಟಕಿಯೊಳಗಿನ ಗುಮಾಸ್ತರು ಬೈಯಲಿಲ್ಲ, ಸಿಡುಕಲಿಲ್ಲ. "ಸಾಹೇಬರು ಸಹಿ ಹಾಕಬೇಕಮ್ಮ, ಅವರು ಮೇಲೆ ಮೀಟಿಂಗಿನಲ್ಲಿದ್ದಾರೆ, ನಾಳೆ ಬಾ" ಎಂದಷ್ಟೇ ಹೇಳಿದರು. ಅಪ್ಪ ಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದು ಎಣಿಸಿಕೊಂಡ, ಮತ್ತೆ ಜೇಬಿಗಿಟ್ಟ. ನಾಳೆ ಬರುವುದೆಂದರೆ ಅವನಿಗೆ ಇನ್ನೊಂದು ದಿನದ ಕೂಲಿ ಹೋದಂತೆ.

ಮೇಲೆ ಬರೆಯುತ್ತಿದ್ದದ್ದು ಅವಳ ವಿಶ್ವವಿದ್ಯಾಲಯದ ಮುಂದಿನ ಹದಿನೈದು ವರ್ಷ. ಅವಳನ್ನು ಯಾರಾದರೂ ಕೇಳಿದರೇ? ಏನು ಬೇಕಮ್ಮ ನಿನಗೆ ಈ ವಿಶ್ವವಿದ್ಯಾಲಯದಿಂದ ಎಂದು ಯಾರಾದರೂ ಕೇಳಿದ್ದರೆ ಅವಳು ವಿಶ್ವದರ್ಜೆ ಎನ್ನುತ್ತಿರಲಿಲ್ಲ. ನನ್ನ ಹೆಸರು ಸರಿಯಾಗಿ ಬರೆಯಿರಿ ಎನ್ನುತ್ತಿದ್ದಳು. ಫಲಿತಾಂಶ ಹೊತ್ತಿಗೆ ಸರಿಯಾಗಿ ಕೊಡಿ ಎನ್ನುತ್ತಿದ್ದಳು. ತರಗತಿಗೆ ಮೇಷ್ಟ್ರು ಬರಲಿ, ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರಲಿ, ಗ್ರಂಥಾಲಯ ಸಂಜೆಯವರೆಗೆ ತೆರೆದಿರಲಿ ಎನ್ನುತ್ತಿದ್ದಳು. ಇವು ಸಣ್ಣ ಮಾತುಗಳಲ್ಲ. ಇವು ನೆರವೇರಿದ ದಿನ ಮಿಕ್ಕ ದೊಡ್ಡ ಮಾತುಗಳೆಲ್ಲ ತಾವಾಗಿಯೇ ಕಾಲೂರಿಕೊಳ್ಳುತ್ತವೆ ಎಂಬುದು, ತರಗತಿಯಲ್ಲಿ ಒಂದು ವರ್ಷ ಪಾಠ ಮಾಡಿದ ಯಾರಿಗಾದರೂ ಗೊತ್ತು. ನಿಮಗೆ ಗೊತ್ತಿದೆ.

ಅವಳು ಎಲ್ಲಿಂದ ಬರುತ್ತಾಳೆ ಎಂಬುದೂ ನಿಮಗೆ ಗೊತ್ತಿದೆ. ಕರ್ನಾಟಕದಲ್ಲಿ ಹದಿನೆಂಟರಿಂದ ಇಪ್ಪತ್ತಮೂರು ವಯಸ್ಸಿನ ಜನಸಂಖ್ಯೆಗೆ ಹೋಲಿಸಿದರೆ ಉನ್ನತ ಶಿಕ್ಷಣ ಸೇರಿದವರು 2021-22ರ ಅಖಿಲ ಭಾರತ ಸಮೀಕ್ಷೆಯ ಪ್ರಕಾರ ನೂರಕ್ಕೆ ಸುಮಾರು 36. ದೇಶದ ಲೆಕ್ಕಕ್ಕಿಂತ ಅದು ಮೇಲು, ಸಂತೋಷ. ಆದರೆ ಆ ಮೂವತ್ತಾರರೊಳಗೆ ಒಬ್ಬಳಾಗಿ ಸೇರಲು ಅವಳು ಕತ್ತಲಲ್ಲೇ ಎದ್ದು, ಮನೆಯ ಕೆಲಸ ಮುಗಿಸಿ, ಬೆಳಗಿನ ಒಂದೇ ಬಸ್ಸಿಗೆ ಕಾದು ನಿಂತಿದ್ದಾಳೆ. 2023ರ ಜೂನಿನಿಂದ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ದುಡ್ಡಿಲ್ಲ. ಎಷ್ಟೋ ಮನೆಗಳಲ್ಲಿ ಓದು ನಿಲ್ಲದೆ ಮುಂದುವರಿದದ್ದು ಅಷ್ಟರಿಂದಲೇ. ಆದರೆ ಬಸ್ಸು ಬರುವ ಹೊತ್ತಿಗೂ ನಿಮ್ಮ ಮೊದಲ ತರಗತಿಯ ಹೊತ್ತಿಗೂ ತಾಳೆಯಾಗುತ್ತದೆಯೇ ಎಂದು ಯಾವ ಯೋಜನೆಯ ಯಾವ ಪುಟದಲ್ಲಿ ಬರೆದಿದೆ? ಡಿಪೋ ಮ್ಯಾನೇಜರಿಗೆ ಒಂದು ಪತ್ರ ಬರೆದರೆ ಆಗುವ ಕೆಲಸ ಅದು. ಆ ಪತ್ರ ಬರೆಯಲು ಮೊದಲು ಅವಳನ್ನು ಕೇಳಬೇಕು.

ಅವಳ ಪದವಿ ಎಷ್ಟು ವರ್ಷದ್ದು ಎಂಬುದನ್ನೂ ಅವಳನ್ನು ಕೇಳದೆಯೇ ತೀರ್ಮಾನಿಸಿದೆವು. 2021ರಲ್ಲಿ ಸೇರಿದವರಿಗೆ ನಾಲ್ಕು ವರ್ಷದ ಪದವಿ ಎಂದೆವು, ಹೊಸ ಪಠ್ಯ ಎಂದೆವು. 2024ರಲ್ಲಿ ಮತ್ತೆ ಮೂರು ವರ್ಷ ಎಂದೆವು, ಮತ್ತೆ ಹೊಸ ಪಠ್ಯ ಬಂತು. ಯಾವ ಪದ್ಧತಿ ಒಳ್ಳೆಯದು ಎಂಬ ವಾದಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಎರಡು ಬದಲಾವಣೆಗಳ ನಡುವೆ ಸಿಕ್ಕಿದ ಮಕ್ಕಳು, ಪಠ್ಯಪುಸ್ತಕ ಸಿಗದೆ ಅಧ್ಯಾಪಕರ ನೋಟ್ಸಿನ ಜೆರಾಕ್ಸು ಓದಿ ಪರೀಕ್ಷೆ ಬರೆದವರು, ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ತಂತ್ರಾಂಶದಲ್ಲಿ ತಮ್ಮ ಒಂದು ವಿಷಯದ ಅಂಕ ಕಾಣದೆ ಮೊಬೈಲ್ ತೆರೆದು ಮುಚ್ಚಿ ರಾತ್ರಿ ಕಳೆದವರು, ಅವರಿಗೆ ಆಗ ಒಂದು ಮಾತು ಹೇಳುವ ಜಾಗವೇ ಇರಲಿಲ್ಲ. ವಿದ್ಯಾರ್ಥಿ ಸಂಘಗಳಿಗೆ ಚುನಾವಣೆ ನಿಂತು ನಮ್ಮ ರಾಜ್ಯದಲ್ಲಿ ಮೂರು ದಶಕ ದಾಟಿದೆ. ಹಾಗಾಗಿ ಅವರ ಪರವಾಗಿ ಮಾತಾಡುವವರು ಯಾರಾದರೂ ಇದ್ದರೆ ಅದು ನೀವೇ. ನೀವು ಸುಮ್ಮನಿದ್ದರೆ ಅವರ ಪರವಾಗಿ ಯಾರೂ ಇಲ್ಲ.

ಇನ್ನು ಅವಳಿಗೆ ಪಾಠ ಮಾಡುವವರು. ನಮ್ಮ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಅತಿಥಿ ಉಪನ್ಯಾಸಕರು. ವಿಶ್ವವಿದ್ಯಾಲಯಗಳ ವಿಭಾಗಗಳೂ ಬಹುಪಾಲು ಇವರ ಹೆಗಲ ಮೇಲೇ ನಿಂತಿವೆ. ಒಂದೆರಡು ಕಾಯಂ ಹುದ್ದೆ, ಮಿಕ್ಕದ್ದೆಲ್ಲ ಅತಿಥಿಗಳು, ಹೀಗಿರುವ ವಿಭಾಗವನ್ನು ನೀವು ಬಲ್ಲಿರಿ, ಬಹುಶಃ ಅದರ ಮುಖ್ಯಸ್ಥರೇ ನೀವು. ಹತ್ತಾರು ವರ್ಷ ಒಂದೇ ಕಾಲೇಜಿನಲ್ಲಿ ಪಾಠ ಮಾಡಿ, ಅಲ್ಲೇ ತಲೆ ನರೆತು, ಪ್ರತಿ ವರ್ಷ ಹೊಸಬರ ಹಾಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ ಕೌನ್ಸೆಲಿಂಗಿಗೆ ಕಾಯುವವರು ಅವರು. ರಜೆಯ ತಿಂಗಳಲ್ಲಿ ಸಂಬಳವಿಲ್ಲದೆ ಹೊಲಕ್ಕೋ ಅಂಗಡಿಗೋ ದುಡಿಯಲು ಹೋಗುವವರು. ತಮ್ಮ ವಿದ್ಯಾರ್ಥಿ ಎದುರು ಬಂದರೆ ಮುಖ ಮರೆಸಿಕೊಳ್ಳುವವರು. ಸೇವೆ ಕಾಯಂ ಮಾಡಿ ಎಂದು 2023ರ ಕೊನೆಯಲ್ಲಿ ತರಗತಿ ಬಿಟ್ಟು ಮುಷ್ಕರ ಕೂತರು, 2024ರ ಜನವರಿಯ ಚಳಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ನಡೆದರು. ಅವರನ್ನು ಕಾಯಂ ಮಾಡುವ ಅಧಿಕಾರ ನಿಮಗಿಲ್ಲ ಎಂದು ಬಲ್ಲೆ. ಆದರೆ ನಿಮ್ಮ ಯೋಜನೆಯಲ್ಲಿ ಅಧ್ಯಾಪಕರ ಸಬಲೀಕರಣ ಎಂಬ ಅಧ್ಯಾಯ ಬರುತ್ತದಲ್ಲ, ಆ ಅಧ್ಯಾಯದಲ್ಲಿ ಅವರ ಸುಳಿವೇ ಇಲ್ಲದಿದ್ದರೆ ಅದನ್ನು ಓದುವ ಅವರಿಗೆ ಹೇಗಾಗಬೇಡ? ಅವರ ಗೌರವಧನ ತಿಂಗಳ ಯಾವ ತಾರೀಖಿಗೆ ಬರುತ್ತದೆ, ವಿಭಾಗದಲ್ಲಿ ಅವರಿಗೊಂದು ಕುರ್ಚಿ, ಒಂದು ಕಪಾಟು ಇದೆಯೇ, ಪಠ್ಯಕ್ರಮ ಬದಲಿಸುವಾಗ ಅವರ ಮಾತಿಗೆ ಜಾಗ ಉಂಟೇ, ಇಷ್ಟನ್ನು ಬರೆಯಲು ವಿಧಾನಸೌಧದ ಅಪ್ಪಣೆ ಬೇಕಿಲ್ಲ. ಅವರನ್ನು ಕೇಳಿದ್ದರೆ ಸಾಕಿತ್ತು.

ಸಂಶೋಧನಾ ವಿದ್ಯಾರ್ಥಿಗಳಿದ್ದಾರೆ. ನೆಟ್ ಫೆಲೋಶಿಪ್ ಸಿಗದವರಿಗೆ ಯುಜಿಸಿ ತಿಂಗಳಿಗೆ ಕೊಡುವ 8,000 ರೂಪಾಯಿ ಕೇಂದ್ರೀಯ ವಿಶ್ವವಿದ್ಯಾಲಯದವರಿಗೆ ಮಾತ್ರ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಮಕ್ಕಳಿಗೆ ಅದೂ ಇಲ್ಲ. ಸಂಶೋಧನೆಯಲ್ಲಿ ಮುಂಚೂಣಿ ಎಂದು ಬರೆಯುವ ಮುನ್ನ ಅವರಲ್ಲೊಬ್ಬರನ್ನು ಕರೆದು, ಮಧ್ಯಾಹ್ನ ಏನು ಉಂಡೆ ಎಂದು ಕೇಳಿ. ಬೆಳಗ್ಗೆ ಆರಕ್ಕೆ ಅಂಗಳ ಗುಡಿಸುವ, ಹೊರಗುತ್ತಿಗೆಯ ಹೆಣ್ಣುಮಗಳಿದ್ದಾಳೆ. ಹಸಿರು ಕ್ಯಾಂಪಸ್ ಎಂದು ಬರೆಯುವ ಮುನ್ನ ಅವಳನ್ನೂ ಕೇಳಿ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಕಸ ಸುಡುತ್ತಾರೆ ಎಂಬುದು ಅವಳಿಗೆ ಗೊತ್ತಿರುವಷ್ಟು ಯಾವ ತಜ್ಞರಿಗೂ ಗೊತ್ತಿಲ್ಲ.

ನಾನು ಹೊಸದೇನನ್ನೂ ಕೇಳುತ್ತಿಲ್ಲ. ನಮ್ಮಲ್ಲೇ ನಡೆದದ್ದನ್ನು ನೆನಪಿಸುತ್ತಿದ್ದೇನೆ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ, ಬ್ರಿಟಿಷರ ನೇರ ಆಡಳಿತವಿಲ್ಲದ ಸಂಸ್ಥಾನವೊಂದು ತನ್ನ ಪ್ರಜೆಗಳಿಗಾಗಿ ಕಟ್ಟಿದ ದೇಶದ ಮೊದಲ ವಿಶ್ವವಿದ್ಯಾಲಯ ಅದಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಮನಸ್ಸಿನಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಹಟದಲ್ಲಿ ಇದ್ದದ್ದು ನಾಡಿನ ಮಕ್ಕಳು ನಾಡಿನಲ್ಲೇ ಓದಬೇಕೆಂಬ ಸ್ಪಷ್ಟವಾದ ಒಂದು ಬಯಕೆ. 1930ರ ದಶಕದಲ್ಲಿ ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಪ್ರಚಾರೋಪನ್ಯಾಸಗಳಿಗೆಂದು ಊರೂರಿಗೆ ಹೋದರು. ವಿಜ್ಞಾನ, ಆರೋಗ್ಯ, ಚರಿತ್ರೆ, ಸಾಹಿತ್ಯ ಎಲ್ಲವನ್ನೂ ಕನ್ನಡದಲ್ಲಿ ಹೇಳಿದರು. ಆ ಉಪನ್ಯಾಸಗಳು ಪುಟ್ಟ ಪುಸ್ತಕಗಳಾಗಿ ಅಚ್ಚಾಗಿ ಅಗ್ಗದ ಬೆಲೆಗೆ ಜನರ ಕೈ ಸೇರಿದವು. ಕಾಲೇಜು ಮೆಟ್ಟಿಲು ಹತ್ತದವರಿಗೂ ವಿಶ್ವವಿದ್ಯಾಲಯ ತಲುಪಬೇಕು ಎಂದು ಅವರು ನಂಬಿದ್ದರು, ನಂಬಿದ್ದನ್ನು ನಡೆದು ತೋರಿಸಿದರು. ಆ ವಿಶ್ವವಿದ್ಯಾಲಯದಲ್ಲೇ ಓದಿ, ಅಲ್ಲೇ ಅಧ್ಯಾಪಕರಾಗಿ, 1956ರಲ್ಲಿ ಕುಲಪತಿಗಳಾದ ಕುವೆಂಪು ಅವರು ಹಳ್ಳಿಯ ಹುಡುಗರು ಇಂಗ್ಲಿಷಿನ ಗೋಡೆಗೆ ತಲೆ ಚಚ್ಚಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದರು. ಕನ್ನಡ ಮಾಧ್ಯಮದ ಬಾಗಿಲು ತೆರೆದರು, ಕುಕ್ಕರಹಳ್ಳಿ ಕೆರೆಯ ಪಕ್ಕದ ದಿಬ್ಬದ ಮೇಲೆ ಹಬ್ಬಿದ ಹೊಸ ಆವರಣಕ್ಕೆ ಮಾನಸ ಗಂಗೋತ್ರಿ ಎಂದು ಹೆಸರಿಟ್ಟರು. ಆ ನಿರ್ಧಾರಗಳ ಹಿಂದೆಲ್ಲ ಒಬ್ಬ ಹುಡುಗ ಇದ್ದ, ಒಬ್ಬ ಹುಡುಗಿ ಇದ್ದಳು. ಮುಖವಿಲ್ಲದೆ ಬರೆದ ಒಂದು ಸಾಲೂ ಅಲ್ಲಿರಲಿಲ್ಲ ಎಂದು ನನಗನಿಸುತ್ತದೆ.

ಯಾರನ್ನೂ ಕೇಳದೆ ಬರೆದ ಯೋಜನೆಯ ಫಲ ಹೇಗಿರುತ್ತದೆ ಎಂಬುದಕ್ಕೂ ದೂರ ಹೋಗಬೇಕಾಗಿಲ್ಲ. 2022-23ರ ಬಜೆಟ್ಟಿನಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳ ಘೋಷಣೆಯಾಯಿತು: ಬೀದರ್, ಹಾವೇರಿ, ಹಾಸನ, ಚಾಮರಾಜನಗರ, ಕೊಡಗು, ಕೊಪ್ಪಳ, ಬಾಗಲಕೋಟೆ. ಎಷ್ಟು ಒಳ್ಳೆಯ ಆಸೆ! ಜಿಲ್ಲೆಯ ಮಕ್ಕಳು ಜಿಲ್ಲೆಯಲ್ಲೇ ಎಂ.ಎ., ಎಂ.ಎಸ್ಸಿ. ಓದಲಿ ಎಂಬುದಕ್ಕಿಂತ ದೊಡ್ಡದು ಇನ್ನೇನಿದೆ? ಇದ್ದ ಸ್ನಾತಕೋತ್ತರ ಕೇಂದ್ರಗಳ ಮೇಲೆ, ಹಾಸನದ ಹೇಮಗಂಗೋತ್ರಿಯಲ್ಲಿ, ಕೊಡಗಿನ ಚಿಕ್ಕ ಅಳುವಾರದಲ್ಲಿ, ಹಾವೇರಿಯ ಕೆರಿಮತ್ತಿಹಳ್ಳಿಯಲ್ಲಿ ಹೊಸ ಬೋರ್ಡು ಏರಿತು. ಬೋರ್ಡಿನ ಜೊತೆಗೆ ಬರಬೇಕಾದ ಹುದ್ದೆ, ಹಣ ಮಾತ್ರ ಬರಲಿಲ್ಲ. 2025ರ ಫೆಬ್ರವರಿ ಹೊತ್ತಿಗೆ ಹಣಕಾಸಿನ ಕಾರಣ ಹೇಳಿ, ಇವುಗಳಲ್ಲಿ ಹೆಚ್ಚಿನವೂ ಬೇರೆ ಕೆಲವೂ ಸೇರಿ ಹೊಸದಾಗಿ ಆದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದಲೇ ಬಂತು. ತೆರೆಯುವಾಗ ಆ ಮಕ್ಕಳನ್ನು ಕೇಳಿರಲಿಲ್ಲ. ಮುಚ್ಚುವ ಮಾತಾಡುವಾಗಲೂ ಕೇಳಲಿಲ್ಲ. ಹನೂರಿನ ಆಚೆಯ ಕಾಡಂಚಿನ ಪೋಡಿನಿಂದ ಬರುವ ಸೋಲಿಗರ ಹುಡುಗಿಗೆ ಚಾಮರಾಜನಗರಕ್ಕೂ ಮೈಸೂರಿಗೂ ನಡುವಿನ ದೂರ ಎಷ್ಟೆಂದು ಕಿಲೋಮೀಟರಿನಲ್ಲಿ ಅಳೆಯಲಾಗದು. ಚಾಮರಾಜನಗರವಾದರೆ ಮನೆಯಲ್ಲಿ ಹೂಂ ಎನ್ನುತ್ತಾರೆ, ಮೈಸೂರಾದರೆ ಓದು ಸಾಕು ಎನ್ನುತ್ತಾರೆ. ಒಂದು ಕಡತದ ಟಿಪ್ಪಣಿ ಅವಳ ಬದುಕನ್ನು ಹೀಗೆ ತಿರುಗಿಸಿಬಿಡುತ್ತದೆ, ಅವಳಿಗೆ ಆ ಕಡತದ ನಂಬರೂ ಗೊತ್ತಾಗುವುದಿಲ್ಲ.

ದುಡ್ಡಿಲ್ಲ ಎನ್ನುತ್ತೀರಿ. ನಿಜ. ನಿವೃತ್ತರ ಪಿಂಚಣಿಗೂ ಪರದಾಡುವ ವಿಶ್ವವಿದ್ಯಾಲಯಗಳು ನಮ್ಮಲ್ಲಿವೆ, ಖಾಲಿ ಹುದ್ದೆಗೆ ಅನುಮತಿ ಕೇಳಿ ಕೇಳಿ ಸುಸ್ತಾದ ಕುಲಪತಿಗಳನ್ನು ನಾನೂ ಕಂಡಿದ್ದೇನೆ. ನ್ಯಾಕ್‌ಗೆ ಬೇಕಾದ ಧಾಟಿಯಲ್ಲೇ ಬರೆಯಬೇಕು, ಕೊನೆಯ ದಿನಾಂಕ ಕುತ್ತಿಗೆಗೆ ಬಂದಿದೆ ಎನ್ನುತ್ತೀರಿ. ಅದೂ ನಿಜ. ಆದರೂ ಕೇಳುತ್ತೇನೆ: ದುಡ್ಡು ಕಡಿಮೆಯಿದ್ದಾಗಲೇ ಅಲ್ಲವೇ ಯಾವುದು ಮೊದಲು ಎಂದು ತೀರ್ಮಾನಿಸಬೇಕಾದದ್ದು? ಮನೆಯಲ್ಲಿ ಅಕ್ಕಿ ಕಡಿಮೆಯಿದ್ದ ದಿನ ಅಮ್ಮ ಮೊದಲು ಯಾರ ತಟ್ಟೆಗೆ ಬಡಿಸುತ್ತಾಳೆ ಎಂಬುದನ್ನು ನೀವು ನೋಡಿ ಬೆಳೆದವರು. ಸ್ವಾಗತ ಕಮಾನಿಗೆ ಮೊದಲೋ, ಹೆಣ್ಣುಮಕ್ಕಳ ಹಾಸ್ಟೆಲಿನ ಕಾಂಪೌಂಡಿಗೆ ಮೊದಲೋ? ಈ ಪ್ರಶ್ನೆಗೆ ಉತ್ತರ ಬರೆಯುವ ಕಾಗದವೇ ಯೋಜನೆ. ಅದರಲ್ಲಿ ಇಷ್ಟು ದಿನದೊಳಗೆ ಫಲಿತಾಂಶ, ಇಷ್ಟು ದಿನದೊಳಗೆ ಅಂಕಪಟ್ಟಿಯ ತಿದ್ದುಪಡಿ, ಈ ತಾರೀಖಿನೊಳಗೆ ಅತಿಥಿ ಉಪನ್ಯಾಸಕರ ಗೌರವಧನ, ಇದಕ್ಕೆ ಹೊಣೆ ಇಂಥ ಅಧಿಕಾರಿ ಎಂದು ಬರೆದರೆ, ಮುಂದಿನ ವರ್ಷ ಆ ಹುಡುಗಿಯ ಅಪ್ಪ ಅದೇ ಕಾಗದ ಹಿಡಿದು ಕಿಟಕಿಯ ಮುಂದೆ ನಿಂತು, ಸ್ವಾಮಿ, ನೀವೇ ಬರೆದಿದ್ದೀರಲ್ಲ ಎನ್ನಬಹುದು. ಹಾಗೆ ಎನ್ನಲು ಬರುವಂತೆ ಬರೆಯಿರಿ. ಉತ್ಕೃಷ್ಟತೆ ಎಂದು ಬರೆದರೆ ಅವನು ಏನೆಂದು ಕೇಳಲಿ?

ಮತ್ತೆ, ಕೇಳುವುದು ನಿಮ್ಮ ಔದಾರ್ಯವೂ ಅಲ್ಲ. ಸಂಸ್ಥೆಯ ಅಭಿವೃದ್ಧಿ ಯೋಜನೆಯನ್ನು ಆಡಳಿತ ಮಂಡಳಿ, ಅಧ್ಯಾಪಕರು, ವಿದ್ಯಾರ್ಥಿಗಳು, ಸಿಬ್ಬಂದಿ ಎಲ್ಲರೂ ಸೇರಿ ಸಿದ್ಧಪಡಿಸಬೇಕೆಂದು ಆ 2020ರ ನೀತಿಯ ಪುಟದಲ್ಲೇ ಇದೆ. ಆ ನೀತಿಯನ್ನು ಒಪ್ಪುವವರಿರಬಹುದು, ಒಪ್ಪದವರಿರಬಹುದು. ಈ ಒಂದು ಮಾತನ್ನು ಒಪ್ಪದಿರಲು ಯಾರಿಗೂ ಕಾರಣ ಸಿಗದು. ಎಷ್ಟು ಸಮಿತಿಗಳಲ್ಲಿ ಒಬ್ಬ ವಿದ್ಯಾರ್ಥಿ ಕೂತಿದ್ದಾನೆ? ಕೂತಿದ್ದರೂ ಅವನಿಗೆ ಕರಡು ಮೊದಲೇ ಸಿಕ್ಕಿತ್ತೇ, ಅವನು ಓದಬಲ್ಲ ಭಾಷೆಯಲ್ಲಿ ಸಿಕ್ಕಿತ್ತೇ? ಬಯಲುಸೀಮೆಯ ಕಾಲೇಜಿನ ಹುಡುಗನ ಬದುಕಿನ ಬಗ್ಗೆ ಅವನಿಗೆ ಅರ್ಥವಾಗದ ಇಂಗ್ಲಿಷಿನಲ್ಲಿ ಬರೆದು, ಹೊಳಪು ಕಾಗದದಲ್ಲಿ ಅಚ್ಚು ಹಾಕಿಸಿ, ಗಾಜಿನ ಚೌಕಟ್ಟಿನಲ್ಲಿ ಕುಲಸಚಿವರ ಕೋಣೆಯ ಹೊರಗೆ ತೂಗುಹಾಕಿದರೆ ಆ ಬರಹ ಅವನದಾಗುವುದಿಲ್ಲ, ಎಂದಿಗೂ ಆಗುವುದಿಲ್ಲ.

ನಿಮ್ಮನ್ನು ನಂಬಿ ಕೇಳುತ್ತಿದ್ದೇನೆ. ನೀವು ಒಬ್ಬರೇ ಬಾಯಿ ತೆರೆದರೂ ಸಾಕು. ನಿಮ್ಮ ಪಕ್ಕದಲ್ಲಿ ಕೂತವರಿಗೂ ಅದೇ ಮಾತು ಗಂಟಲವರೆಗೆ ಬಂದು ನಿಂತಿರುತ್ತದೆ ಎಂದು ಎಷ್ಟೋ ಸಭೆಗಳಲ್ಲಿ ಕಂಡಿದ್ದೇನೆ. ಮುಂದಿನ ಸಭೆಯ ನೋಟಿಸು ಕೈಗೆ ಬಂದ ದಿನವೇ ಕುಲಸಚಿವರಿಗೆ ಅರ್ಧ ಪುಟದ ಪತ್ರ ಬರೆಯಿರಿ. ಒಪ್ಪಿಗೆಗೆ ಮುನ್ನ ಕರಡನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಸಂಯೋಜಿತ ಕಾಲೇಜಿನ ನೋಟಿಸು ಬೋರ್ಡಿಗೆ, ಪ್ರತಿ ಹಾಸ್ಟೆಲಿನ ಊಟದ ಕೋಣೆಗೆ, ಪರೀಕ್ಷಾಂಗದ ಕಿಟಕಿಯ ಪಕ್ಕಕ್ಕೆ ಅಂಟಿಸಲಿ. ಎರಡು ತಿಂಗಳು ಬಿಡಲಿ. ವಿದ್ಯಾರ್ಥಿಗಳು, ಅತಿಥಿ ಉಪನ್ಯಾಸಕರು, ಗುತ್ತಿಗೆ ನೌಕರರು, ಊರಿನಿಂದ ಬಂದ ತಂದೆತಾಯಿ ಹೇಳಿದ್ದನ್ನು ಹೇಳಿದ ಹಾಗೆಯೇ ಸಭೆಯ ನಡಾವಳಿಗೆ ಸೇರಿಸಲಿ. ಪ್ರತಿ ಮಾತಿಗೂ ಏನು ಮಾಡಲಿದ್ದೇವೆ, ಮಾಡಲಾಗದಿದ್ದರೆ ಯಾಕೆ ಎಂದು ಎದುರಿಗೇ ಬರೆಯಲಿ. ಅಲ್ಲಿಯವರೆಗೆ ನನ್ನ ಸಹಿ ಕೇಳಬೇಡಿ ಎಂದು ಬರೆಯಿರಿ, ಕೆಳಗೆ ನಿಮ್ಮ ಹೆಸರು ಹಾಕಿ ಕಳಿಸಿಕೊಡಿ.